ಕೈಸನ್ನೆ ಮತ್ತು ಭೌತಶಾಸ್ತ್ರದ ಕಲಿಕೆ

ಭೌತಶಾಸ್ತ್ರದ ಪ್ರಶ್ನೆಯೊಂದಕ್ಕೆ ಉತ್ತರ ಹೇಳುವ ವಿದ್ಯಾರ್ಥಿಯ ಕೈಗಳನ್ನು ಗಮನಿಸಿ ಅವರ ಆಲೋಚನೆಯ ಜಾಡು ಹಿಡಿಯುವ ಅಧ್ಯಯನ ಶಿಕ್ಷಣ ಮನೋವಿಜ್ಞಾನದ ಒಂದು ಕವಲು. ಇದು ಬೆಳೆದದ್ದು ಕಳೆದ ನಾಲ್ಕು ದಶಕಗಳಲ್ಲಿ. ಪಾಠಕ್ಕೆ ಕೈಯನ್ನು ದುಡಿಸಿಕೊಳ್ಳುವ ಪದ್ಧತಿ ಮಾತ್ರ ಬಹಳ ಹಳೆಯದು. ಗುರು ಹೇಳಿಕೊಟ್ಟ ಸನ್ನೆಯಿಂದ ಶಿಷ್ಯ ತಾನಾಗಿ ಮಾಡುವ ಸನ್ನೆಯ ಕಡೆಗೆ ಗಮನ ಹೊರಳಿದ್ದೇ ಈ ವಿಷಯದ ಚರಿತ್ರೆ.

ಹೇಳಿಕೊಟ್ಟ ಸನ್ನೆಯ ಬೇರು ವೇದಪಾಠದಲ್ಲಿದೆ. ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಣಾ ಗ್ರಂಥ ವೇದದ ಸ್ವರಗಳಿಗೆ ಬೆರಳುಗಳನ್ನೇ ಗೊತ್ತುಮಾಡಿದೆ: ಹೆಬ್ಬೆರಳ ತುದಿ ತೋರುಬೆರಳಿನ ಬುಡ ಮುಟ್ಟಿದರೆ ಉದಾತ್ತ, ಕಿರುಬೆರಳಿನಲ್ಲಿ ಅನುದಾತ್ತ, ಉಂಗುರಬೆರಳಿನಲ್ಲಿ ಸ್ವರಿತ. ಎಲ್ಲ ಶಾಖೆಗಳೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಬಾಯಿಪಾಠದ ಈ ಪರಂಪರೆಗೆ ಮಲೆನಾಡಿನ ದೊಡ್ಡ ನೆಲೆ ಶೃಂಗೇರಿ. ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು 1896ರಲ್ಲಿ ಅಲ್ಲಿ ಸದ್ವಿದ್ಯಾ ಸಂಜೀವಿನೀ ಪಾಠಶಾಲೆಯನ್ನು ಸ್ಥಾಪಿಸಿದರು.

ಆಧುನಿಕ ಭೌತಶಾಸ್ತ್ರದಲ್ಲೂ ಅಂಥದೇ ಒಂದು ವಿಧಿ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಜಾನ್ ಆಂಬ್ರೋಸ್ ಫ್ಲೆಮಿಂಗ್ 19ನೇ ಶತಮಾನದ ಕೊನೆಯಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ನೆನಪಿಡಲು ಸುಲಭವಾಗಲೆಂದು ಎಡಗೈ, ಬಲಗೈ ನಿಯಮಗಳನ್ನು ರೂಪಿಸಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪ್ರೌಢಶಾಲೆಗಳ ಹತ್ತನೇ ತರಗತಿಯಲ್ಲಿ ಇಂದಿಗೂ ಎಡಗೈ ನಿಯಮ ಪಾಠವಾಗಿದೆ. ತೋರುಬೆರಳು ಕಾಂತಕ್ಷೇತ್ರ, ಮಧ್ಯದ ಬೆರಳು ವಿದ್ಯುತ್ಪ್ರವಾಹ, ಹೆಬ್ಬೆರಳು ಬಲದ ದಿಕ್ಕು. ಪರೀಕ್ಷೆಯಲ್ಲಿ ಬಲಗೈ ಪೆನ್ನು ಹಿಡಿದಿರುತ್ತದೆ. ಬಲಗೈ ನಿಯಮದ ಪ್ರಶ್ನೆಗೂ ಬಿಡುವಾಗಿರುವ ಎಡಗೈಯೇ ಮೇಲೆದ್ದರೆ ಉತ್ತರದ ದಿಕ್ಕು ತಿರುಗುಮುರುಗಾಗುತ್ತದೆ.

ತಾನಾಗಿ ಮೂಡುವ ಸನ್ನೆಯ ಕಥೆ ಬೇರೆ. 1986ರಲ್ಲಿ ಅಮೆರಿಕದ ಬ್ರೆಕಿನ್‌ರಿಜ್ ಚರ್ಚ್ ಮತ್ತು ಸೂಸಾನ್ ಗೋಲ್ಡಿನ್-ಮೆಡೋ ಪ್ರಕಟಿಸಿದ ಅಧ್ಯಯನದಲ್ಲಿ, ಪಾತ್ರೆಯಿಂದ ಪಾತ್ರೆಗೆ ಸುರಿದ ನೀರು ಅಷ್ಟೇ ಇದೆಯೇ ಎಂದು ಚಿಕ್ಕ ಮಕ್ಕಳನ್ನು ಕೇಳಲಾಗಿತ್ತು. ಕೆಲವು ಮಕ್ಕಳ ಬಾಯಿ ಎತ್ತರದ ಮಾತಾಡಿದರೆ ಕೈ ಅಗಲವನ್ನು ತೋರಿಸುತ್ತಿತ್ತು. ಹೀಗೆ ಮಾತಿಗೂ ಕೈಗೂ ತಾಳೆಯಾಗದ ಮಕ್ಕಳೇ ಮುಂದಿನ ಪಾಠದಿಂದ ಹೆಚ್ಚು ಕಲಿತರು. ಗೊಂದಲವೆಂದು ಕಾಣುವುದು ಕಲಿಕೆಗೆ ಹದವಾದ ಸ್ಥಿತಿಯೂ ಆಗಿರಬಹುದು ಎಂಬುದು ಅದರ ಸಾರ. ಡೇವಿಡ್ ಮೆಕ್‌ನೀಲ್ 1992ರ ತಮ್ಮ ಗ್ರಂಥದಲ್ಲಿ ಮಾತು, ಸನ್ನೆ ಎರಡೂ ಒಂದೇ ಆಲೋಚನೆಯ ಎರಡು ಮುಖಗಳೆಂದು ವಾದಿಸಿದರು. ಹುಟ್ಟುಕುರುಡರೂ ಮಾತಾಡುವಾಗ ಸನ್ನೆ ಮಾಡುತ್ತಾರೆಂದು 1998ರಲ್ಲಿ ‘ನೇಚರ್’ ಪತ್ರಿಕೆಯ ವರದಿಯೊಂದು ತೋರಿಸಿತು. ನೋಡಿ ಅನುಕರಿಸಿದ ಅಭ್ಯಾಸವಷ್ಟೇ ಇದು ಎಂಬ ವಾದ ಅಲ್ಲಿಗೆ ಸಡಿಲವಾಯಿತು.

ಭೌತಶಾಸ್ತ್ರದ ತರಗತಿಗೆ ಈ ನೋಟವನ್ನು ತಂದವರಲ್ಲಿ ವುಲ್ಫ್-ಮೈಕೆಲ್ ರೋತ್ ಪ್ರಮುಖರು. ಪ್ರಯೋಗ ಮಾಡಿ ವಿವರಿಸುವ ವಿದ್ಯಾರ್ಥಿಗೆ ಪಾರಿಭಾಷಿಕ ಪದ ಒದಗುವ ಮೊದಲೇ ಕೈ ಆ ಕ್ರಿಯೆಯನ್ನು ತೋರಿಸಿಬಿಡುತ್ತದೆ. ವಿಷಯ ಪರಿಚಿತವಾದಂತೆ ಕೈಗೂ ಮಾತಿಗೂ ನಡುವಿನ ಅಂತರ ಕಿರಿದಾಗುತ್ತದೆ ಎಂದು ಅವರು ಗುರುತಿಸಿದರು. 2008ರಲ್ಲಿ ರೇಚಲ್ ಶೆರ್, ಭೌತಶಾಸ್ತ್ರ ಶಿಕ್ಷಣದ ಸಂಶೋಧಕರು ಸನ್ನೆಗಳನ್ನು ಹೇಗೆ ಓದಬೇಕೆಂದು ವಿವರಿಸಿ ಲೇಖನ ಬರೆದರು.

ಭಾರತದಲ್ಲಿ ಈ ದಿಕ್ಕಿನ ಮುಖ್ಯ ಕೆಲಸ ನಡೆದದ್ದು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ. ಶಮಿನ್ ಪಡಲ್ಕರ್ ಮತ್ತು ಜಯಶ್ರೀ ರಾಮದಾಸ್ ಶಾಲಾ ಖಗೋಳಪಾಠಕ್ಕಾಗಿ ಸನ್ನೆಗಳನ್ನು ರೂಪಿಸಿದರು. ಮಕ್ಕಳು ತಾವಾಗಿ ಮಾಡುವ ಸನ್ನೆಗಳನ್ನೂ ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದರು. ಚರಿತ್ರೆಯ ಎರಡು ಎಳೆಗಳು ಒಂದೇ ತರಗತಿಯಲ್ಲಿ ಕೂಡಿದ ಅಧ್ಯಯನವಿದು.

ಕೈಗೆ ಸಿಗುವ ಅನುಭವವೂ ಲೆಕ್ಕಕ್ಕೆ ಬರುತ್ತದೆ. ತಿರುಗುವ ಸೈಕಲ್ ಚಕ್ರದ ಅಚ್ಚನ್ನು ಹಿಡಿದು ವಾಲಿಸಿ ಅದರ ಪ್ರತಿರೋಧ ಅನುಭವಿಸಿದವರು, ಬರೀ ನೋಡಿದವರಿಗಿಂತ ಕೋನೀಯ ಸಂವೇಗದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರೆಂದು 2015ರ ಶಿಕಾಗೋ ಅಧ್ಯಯನ ಹೇಳುತ್ತದೆ.

ಸನ್ನೆಯೊಂದನ್ನೇ ನಂಬಿ ತೀರ್ಪು ಕೊಡಲಾಗದು: ಒಂದೇ ಕೈಚಲನೆ ವೇಗವನ್ನೂ ಸೂಚಿಸಬಹುದು, ಬಲವನ್ನೂ ಸೂಚಿಸಬಹುದು. ಲಿಖಿತ ಪರೀಕ್ಷೆಯಲ್ಲಂತೂ ಅದಕ್ಕೆ ಜಾಗವೇ ಇಲ್ಲ. ಪಿಯುಸಿ ಪ್ರಾಯೋಗಿಕ ಪರೀಕ್ಷೆಯ ಮೌಖಿಕ ಪ್ರಶ್ನೋತ್ತರದಲ್ಲಿ ಪರೀಕ್ಷಕರು ವಿದ್ಯಾರ್ಥಿಯ ಕೈಯನ್ನು ಕಣ್ಣಾರೆ ಕಾಣುತ್ತಾರೆ. ಅಂಕ ಸಲ್ಲುವುದು ಮಾತಿನ ಉತ್ತರಕ್ಕೆ.