ಗಂಜಾಂ ಪೇಟೆಯ ಮರುವಸತಿ

ಬಾಬುರಾಯನಕೊಪ್ಪಲಿಗೆ ಸನಿಹದ ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಂ, ಪ್ರಭುತ್ವದ ಆಜ್ಞೆಯಿಂದ ಬೆಳೆದ ಪೇಟೆ. ಇದಕ್ಕೆ ಜನರನ್ನು ಒದಗಿಸಲು ಟಿಪ್ಪು ಸುಲ್ತಾನನು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಬಿ.ಎಲ್. ರೈಸ್ ದಾಖಲಿಸಿದ್ದಾರೆ.

1792ರಲ್ಲಿ ಕಾರ್ನ್‌ವಾಲಿಸ್‌ನ ಸೇನೆಯ ವಶವಾದ ಈ ಪೇಟೆ, 1799ರ ಪತನದ ವೇಳೆಗೆ ತೀರ ನಲುಗಿತ್ತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಅದು ಮತ್ತೆ ತ್ವರಿತವಾಗಿ ಬೆಳೆಯುತ್ತಿರುವುದನ್ನು ಕಂಡನು. ಅವನ ಲೆಕ್ಕದಂತೆ ಕೋಟೆಯೊಳಗಿನ 4,163 ಮನೆಗಳಲ್ಲಿ 5,499 ಕುಟುಂಬಗಳಿದ್ದವು. ಗಂಜಾಮಿನ 2,216 ಮನೆಗಳಲ್ಲಿ 3,335 ಕುಟುಂಬಗಳು. ಅಂದರೆ ಪೇಟೆಯಲ್ಲಿ ಸರಾಸರಿ ಎರಡು ಮನೆಗಳಿಗೆ ಮೂರು ಒಕ್ಕಲು. ಇಕ್ಕಟ್ಟು ಕೋಟೆಗಿಂತ ಇಲ್ಲಿಯೇ ಹೆಚ್ಚು. ಮನೆಗಳು ಏಳುತ್ತಿದ್ದರೂ ಅವು ಜನರಿಗೆ ಸಾಲುತ್ತಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ರಾಜಧಾನಿಯು ಮೈಸೂರಿಗೆ ಸ್ಥಳಾಂತರಗೊಂಡ ಬಳಿಕ ಅಂಗಡಿಬೀದಿಗಳನ್ನು ಪೋಷಿಸುತ್ತಿದ್ದ ಆಸ್ಥಾನ, ದಂಡುಗಳು ಇಲ್ಲವಾದವು. ಜ್ವರಪೀಡೆಯೂ ದ್ವೀಪವನ್ನು ಕಾಡಿತು. 1901ರ ಜನಗಣತಿಯಲ್ಲಿ ಇಡೀ ಶ್ರೀರಂಗಪಟ್ಟಣದ ಜನಸಂಖ್ಯೆ 8,584 ಮಾತ್ರ. ಕಟ್ಟಡಗಳಿಂದಷ್ಟೇ ಪೇಟೆ ಬಾಳದು. ಅದಕ್ಕೆ ದುಡಿಮೆಯ ಆಸರೆ ಬೇಕು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇನ್ನೊಂದು ಸಂಗತಿ ಗಮನಾರ್ಹವಾದುದು. ಊರು ಕಟ್ಟಿಸಿದವನ ಹೆಸರು ಉಳಿದಿದೆ. ಬೇರು ಕಿತ್ತು ಬಂದವರು ಈ ದಾಖಲೆಗಳಲ್ಲಿ ಬರಿಯ ಸಂಖ್ಯೆಯಾಗಿದ್ದಾರೆ. ಗಂಜಾಂ ತುಂಬಿದ್ದನ್ನು ಹೇಳುವ ಚರಿತ್ರೆ, ಶಿರಾ ಬರಿದಾದುದನ್ನೂ ಹೇಳಬೇಕಾಗುತ್ತದೆ.