ವಿಲಾಯಿತಿ ಮೋಟಾರುಗಳ ಜೀರ್ಣೋದ್ಧಾರ

ಬೆಂಕಿಪುರವೆಂಬ ಪೂರ್ವನಾಮವುಳ್ಳ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಸ್ಥಾಪಿಸಿದ ಕಾರ್ಖಾನೆಯು 1923ರಲ್ಲಿ ಮಲೆನಾಡಿನ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸತೊಡಗಿತು. ಅದರ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ತಯಾರಿಕೆಯೂ ಈ ದೇಶದಲ್ಲಿಯೇ ಆಗತಕ್ಕದ್ದೆಂದು 1935ರಲ್ಲಿ ವಿದೇಶಯಾತ್ರೆಯನ್ನು ಕೈಕೊಂಡರು. ಸಂಸ್ಥಾನದಲ್ಲಿ ಅದು ಕೈಗೂಡಲಿಲ್ಲ. ಕಬ್ಬಿಣವು ಇಲ್ಲಿಯದಾದರೂ ಶ್ರೀಮಂತರ ಗಾಡಿಗಳು ಸಮುದ್ರ ದಾಟಿಯೇ ಬರಬೇಕಾಯಿತು.

ಮೈಸೂರರಮನೆಯಲ್ಲಿದ್ದ ರೋಲ್ಸ್ ರಾಯ್ಸ್ ಗಾಡಿಗಳು ಲೋಕವಿದಿತ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆ ಕಂಪೆನಿಯವರು ಚಾಸಿಯನ್ನೂ ಇಂಜಿನನ್ನೂ ಮಾತ್ರ ಒದಗಿಸುತ್ತಿದ್ದರು. ಮೇಲಣ ಒಡಲನ್ನು ಬೇರೆ ಕುಶಲಿಗಳು ಮರದ ಚೌಕಟ್ಟಿಗೆ ತಗಡು ಹೊದಿಸಿ ಕಟ್ಟುತ್ತಿದ್ದರು. ಆದಕಾರಣ ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಇಂತಹ ಗಾಡಿಯ ಜೀರ್ಣೋದ್ಧಾರಕ್ಕೆ ಕೈಯಿಟ್ಟವನಿಗೆ ಕಮ್ಮಾರನಿಗಿಂತ ಮೊದಲು ಬಡಗಿಯೇ ಬೇಕು. ಮಠದ ಅಡ್ಡಪಲ್ಲಕ್ಕಿಯನ್ನು ದುರಸ್ತಿ ಮಾಡಿಸಿದವರು ಇದನ್ನು ಬಲ್ಲರು: ಹೊರಗೆ ಬಣ್ಣವು ಥಳಥಳಿಸುತ್ತಿದ್ದರೂ ಒಳಮರ ಲಡ್ಡಾಗಿರುವುದುಂಟು. ಅದನ್ನು ಮುಚ್ಚಿ ಮಾರುವುದು ವ್ಯಾಪಾರವಲ್ಲ, ವಂಚನೆ. ಬದಲಿಸಿದ ಮರವೆಷ್ಟು, ಚಾಸಿಗೂ ಇಂಜಿನಿಗೂ ಇರುವ ಅಂಕಿಗಳು ಮೂಲದಾಖಲೆಗೆ ಹೊಂದುವುವೋ ಇಲ್ಲವೋ ಎಂಬುದನ್ನು ಕೊಳ್ಳುವವನಿಗೆ ಬರೆದುಕೊಡಬೇಕು.

ಸಂಸ್ಥಾನಗಳು ವಿಲೀನವಾದ ಬಳಿಕ ಅನೇಕ ಗಾಡಿಗಳು ಪರದೇಶಗಳ ಪಾಲಾದುವು. 1950ಕ್ಕೆ ಮೊದಲು ತಯಾರಾದವನ್ನು ಪರವಾನಗಿಯಿಲ್ಲದೆ ಹೊರಕ್ಕೆ ಕಳುಹಿಸುವಂತಿಲ್ಲ. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರ ನಿಯಮದಂತೆ ಪ್ರತ್ಯೇಕ ನೋಂದಣಿಯುಂಟು. ದೇಶದೊಳಗೆ ಕೊಂಡು ಮಾರಲು ಅಡ್ಡಿಯಿಲ್ಲ. ಧರ್ಮಸ್ಥಳದ ಕ್ಷೇತ್ರದವರು ಹಳೆಯ ಮೋಟಾರುಗಳನ್ನು ಮಾರದೆ ಸಂಗ್ರಹಾಲಯದಲ್ಲಿಟ್ಟು ಯಾತ್ರಿಕರಿಗೆ ತೋರಿಸುತ್ತಿದ್ದಾರೆ.