ಹಕ್ಕಿಪಿಕ್ಕಿಗಳ ದೂರದ ವ್ಯಾಪಾರ, ಎರಡು ಬಗೆಯ ಸೆರೆ

ಪರದೇಶದಲ್ಲಿ ಸೆರೆಯಾದವರನ್ನು ಕಾನೂನು ಎರಡು ರೀತಿಯಲ್ಲಿ ನೋಡುತ್ತದೆ. ಒಬ್ಬ ಮಾಡಿದ್ದಾನೆ ಎನ್ನಲಾದ ತಪ್ಪಿಗಾಗಿ ಹಿಡಿದಿಡುವುದು ಅಪರಾಧ ಬಂಧನ. ಇರಬಾರದ ಜಾಗದಲ್ಲಿ ಇದ್ದಾನೆ ಎಂಬ ಕಾರಣಕ್ಕೆ, ಹೊರಗೆ ಕಳಿಸುವ ತನಕ ಕೂಡಿಹಾಕುವುದು ವಲಸೆ ಬಂಧನ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಇದು ಪುಸ್ತಕದ ವಿಷಯವಾಗಿ ಉಳಿದಿಲ್ಲ. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್‌ಗಳ ಹಕ್ಕಿಪಿಕ್ಕಿ ಬುಡಕಟ್ಟಿನವರು ಎಣ್ಣೆ, ಗಿಡಮೂಲಿಕೆ ಮಾರುತ್ತಾ ಆಫ್ರಿಕಾದವರೆಗೂ ಹೋಗುವವರು.

ಅಲೆದಾಡಿದ್ದಕ್ಕೇ ಸೆರೆ ಎಂಬುದು ಕನ್ನಡ ನಾಡಿಗೆ ಹೊಸತಲ್ಲ. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ನಂತರ ಮುಂಬೈ ಪ್ರಾಂತ್ಯಕ್ಕೂ ಹಬ್ಬಿತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಬ್ರಿಟಿಷ್ ಅಧಿಕಾರಿ ಸ್ಟಾರ್ಟ್ ಅವರ ಉಸ್ತುವಾರಿಯಲ್ಲಿ ಸೆಟ್ಲಮೆಂಟುಗಳು ಎದ್ದವು. ಅಲ್ಲಿದ್ದವರಿಗೆ ಹಾಜರಿ ಕಡ್ಡಾಯ, ಹೊರಗೆ ಹೋಗಲು ಪಾಸು ಬೇಕು. ಯಾವ ನ್ಯಾಯಾಲಯವೂ ಅವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಶಿಕ್ಷೆ ಕೊಟ್ಟಿರಲಿಲ್ಲ; ಹುಟ್ಟಿದ ಕುಲವೇ ಸಾಕಾಗಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಆಗ ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಈ ಸೆಟ್ಲಮೆಂಟುಗಳು ಗಡಿಯಾಚೆಯವು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಬಡಾವಣೆಗಳು ಇಂದಿಗೂ ಇವೆ.

ಹಕ್ಕಿಪಿಕ್ಕಿಗಳ ಮನೆಮಾತು ಗುಜರಾತಿಗೆ ಹತ್ತಿರದ ವಾಗ್ರಿ. ಕಸುಬು ಹಕ್ಕಿ ಹಿಡಿಯುವುದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮುಚ್ಚಿಸಿತು. ಬೇಟೆ ಕೈಬಿಟ್ಟವರು ಕೂದಲೆಣ್ಣೆ, ಬೇರು, ಮೂಲಿಕೆಗಳ ವ್ಯಾಪಾರಕ್ಕಿಳಿದರು. ಊರಿಂದೂರಿಗೆ ಹೋಗುತ್ತಿದ್ದ ವ್ಯಾಪಾರ ದೇಶದಿಂದ ದೇಶಕ್ಕೆ ಹಿಗ್ಗಿತು. ತಿರುಗಾಟ ಅವರಿಗೆ ರೂಢಿ. ಹೊಸದಾಗಿ ಸೇರಿಕೊಂಡದ್ದು ಪಾಸ್‌ಪೋರ್ಟಿನ ಮೇಲೆ ವೀಸಾ ಮುಗಿಯುವ ತಾರೀಕು.

ಆ ತಾರೀಕು ದಾಟಿದರೆ ಏನಾಗುತ್ತದೆ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20,000. ತಾನಾಗಿ ವಿಮಾನ ನಿಲ್ದಾಣಕ್ಕೆ ಹೋದವನು ಕಟ್ಟಿ ಹೊರಡಬಹುದು, ಅದಕ್ಕೆ ಮೊದಲೇ ಸಿಕ್ಕಿಬಿದ್ದವನು ವಲಸೆ ಬಂಧನ ಕೇಂದ್ರ ಸೇರುತ್ತಾನೆ. ಸಿಂಗಪುರದಲ್ಲಿ ಅವಧಿ ಮೀರುವುದೇ ನೇರ ಅಪರಾಧ, ಮೀರಿದ್ದು 90 ದಿನ ದಾಟಿದರೆ ಆರು ತಿಂಗಳವರೆಗೆ ಜೈಲು, ಗಂಡಸರಿಗೆ ಮೂರಕ್ಕೆ ಕಡಿಮೆಯಿಲ್ಲದ ಬೆತ್ತದೇಟು. ಭಾರತವೂ ಮೃದುವೇನಲ್ಲ. 1946ರ ವಿದೇಶೀಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದವರಿಗೆ ಐದು ವರ್ಷದವರೆಗೆ ಜೈಲು ವಿಧಿಸಬಹುದಿತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆ ಅದನ್ನು ಮೂರು ವರ್ಷಕ್ಕೆ ಇಳಿಸಿದೆ. ಹೀಗೆ ಒಂದೇ ತಪ್ಪು ಒಂದು ಕಡೆ ದಂಡದಲ್ಲಿ ತೀರಿದರೆ ಇನ್ನೊಂದು ಕಡೆ ಜೈಲಿಗೆ ಒಯ್ಯುತ್ತದೆ.

ಎರಡು ಸೆರೆಗಳ ನಿಜವಾದ ಅಂತರ ದಿನಗಳ ಲೆಕ್ಕದಲ್ಲಿದೆ. ಅಪರಾಧ ಬಂಧನಕ್ಕೆ ಮೆಟ್ಟಿಲುಗಳಿವೆ. ಭಾರತದಲ್ಲಾದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, 60 ಅಥವಾ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗುತ್ತದೆ, ವಿಚಾರಣಾಧೀನನಾಗಿ ಕಳೆದ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ. ವಲಸೆ ಬಂಧನದಲ್ಲಿ ಕಳೆದ ದಿನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದು ಶಿಕ್ಷೆಯಲ್ಲವಲ್ಲ, ಆಡಳಿತದ ಕ್ರಮ! ಫ್ರಾನ್ಸ್ ಸಾಮಾನ್ಯವಾಗಿ 90 ದಿನದ ಮಿತಿ ಹಾಕಿಕೊಂಡಿದೆ. ಅಮೆರಿಕದಲ್ಲಿ ಗಡೀಪಾರಿನ ಆದೇಶವಾದ ಮೇಲೂ ಆರು ತಿಂಗಳಾಚೆ ಇಟ್ಟುಕೊಳ್ಳುವುದನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಪ್ರಶ್ನೆಗೊಳಪಡಿಸಿತು. ಬ್ರಿಟನ್ನಿನ ಕಾಯ್ದೆಯಲ್ಲಿ ನಿಗದಿತ ಮಿತಿಯೇ ಇಲ್ಲ. ಶಿಕ್ಷೆ ಮುಗಿದ ದಿನವೇ ಎರಡನೆಯ ಸೆರೆ ಶುರುವಾಗುವುದೂ ಉಂಟು: ಜೈಲಿನ ಬಾಗಿಲಿನಿಂದ ನೇರವಾಗಿ ಬಂಧನ ಕೇಂದ್ರಕ್ಕೆ. ಕರ್ನಾಟಕದಲ್ಲೂ ಅಂಥ ಜಾಗವಿದೆ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡವನ್ನು 2020ರ ಸುಮಾರಿಗೆ ವಿದೇಶೀಯರ ಬಂಧನ ಕೇಂದ್ರವಾಗಿ ಸಜ್ಜುಗೊಳಿಸಲಾಯಿತು.

ಎರಡಕ್ಕೂ ಸಮಾನವಾದ ಒಂದು ರಕ್ಷಣೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಜೈಲೇ ಆಗಲಿ, ಬೇರಾವ ರೀತಿಯ ಬಂಧನವೇ ಆಗಲಿ, ಸೆರೆಯಾದವನು ಕೇಳಿಕೊಂಡರೆ ಅವನ ದೇಶದ ರಾಯಭಾರ ಕಚೇರಿಗೆ ತಡಮಾಡದೆ ತಿಳಿಸಬೇಕು. ಪಾಕಿಸ್ತಾನದಲ್ಲಿ ಸೆರೆಯಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಎತ್ತಿಹಿಡಿದದ್ದು ಇದೇ ವಿಧಿಯನ್ನು. ತೊಡಕಿರುವುದು ‘ಕೇಳಿಕೊಂಡರೆ’ ಎಂಬಲ್ಲಿ. ಇಂಥ ಹಕ್ಕಿದೆ ಎಂದು ಸೆರೆಯಾದವನಿಗೆ ಹೇಳುವ ಹೊಣೆ ಅಧಿಕಾರಿಗಳದೇ, ಆದರೆ ವಾಗ್ರಿ, ಕನ್ನಡ ಬಲ್ಲವನಿಗೆ ಫ್ರೆಂಚಿನಲ್ಲೋ ಅರಬ್ಬಿಯಲ್ಲೋ ಹೇಳಿದರೆ ಅದು ಮುಟ್ಟುವುದು ಕಷ್ಟ.

ರಾಯಭಾರ ಕಚೇರಿಯಿಂದ ಆಗುವ ಕೆಲಸವೂ ಸೆರೆಯ ಬಗೆಯನ್ನು ಹಿಡಿದೇ ಬದಲಾಗುತ್ತದೆ. ಮೊಕದ್ದಮೆ ಇದ್ದರೆ ಅದು ಭೇಟಿ ಮಾಡಬಹುದು, ವಕೀಲರನ್ನು ಹುಡುಕಿಕೊಡಬಹುದು, ಬಿಡಿಸಲಾಗದು. ಶಿಕ್ಷೆಯಾದವರನ್ನು ಉಳಿದ ಅವಧಿಗೆ ಇಲ್ಲಿನ ಜೈಲಿಗೆ ತರಿಸಲು 2003ರ ಕೈದಿಗಳ ಹಸ್ತಾಂತರ ಕಾಯ್ದೆಯಿದೆ, ಅದೂ ಒಪ್ಪಂದವಿರುವ ದೇಶಗಳಿಂದ ಮಾತ್ರ. ವಲಸೆ ಬಂಧನದಲ್ಲಿದ್ದವನಿಗೆ ವಕೀಲನಿಗಿಂತ ಮೊದಲು ಬೇಕಾಗುವುದು ಪಾಸ್‌ಪೋರ್ಟ್, ಅದಿಲ್ಲದಿದ್ದರೆ ತುರ್ತು ಪ್ರಯಾಣ ಪತ್ರ, ಜೊತೆಗೆ ವಿಮಾನದ ಟಿಕೆಟ್ಟು, ಬಾಕಿ ದಂಡದ ಹಣ. ಆ ಪತ್ರ ಕೊಡುವ ಮುನ್ನ ಅವನು ಭಾರತೀಯನೇ ಎಂದು ಖಚಿತಪಡಿಸಿಕೊಳ್ಳಬೇಕು. ಊರಿನಲ್ಲಿ ರೇಷನ್ ಕಾರ್ಡು, ಮತದಾರರ ಚೀಟಿಗಳನ್ನು ಹುಡುಕುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ.

ಸೆರೆಯೇ ಇಲ್ಲದೆ ಸಿಲುಕಿಕೊಳ್ಳುವುದು ಮೂರನೆಯ ಬಗೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾಪಡೆಗೂ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಎಲ್‌ಫಶೇರ್ ನಗರದಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಚನ್ನಗಿರಿಯವರೂ ಇದ್ದರು. ಯಾರೂ ಅವರನ್ನು ಬಂಧಿಸಿರಲಿಲ್ಲ, ಆದರೂ ಬಾಡಿಗೆ ಕೋಣೆ ಬಿಟ್ಟು ಹೊರಬರುವಂತಿರಲಿಲ್ಲ. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ 3,800ಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು, ಬಹುಪಾಲು ಜನರನ್ನು ಪೋರ್ಟ್ ಸುಡಾನಿನಿಂದ ಜೆಡ್ಡಾ ದಾರಿಯಾಗಿ.